ಕಳೆಯುವ ಲೆಕ್ಕ

ಪಾಜು ಊರಿನ ನಮ್ಮ ಕಾರ್ಖಾನೆಯಲ್ಲಿ
ಬೆಳಕು ನೋಡುವ ಕೋಣೆ ಹದಿನೇಳು,
ಕಪ್ಪು ನೋಡುವ ಕೋಣೆ ಒಂದೇ.
ಅಲ್ಲಿ ಇಪ್ಪತ್ತೆರಡು ವರ್ಷ ಕೂತವಳು ಮೆಂಗ್ ಇನ್ ಸುಕ್.
ಹೆಸರಿನ ಮೊದಲೆರಡು ಸದ್ದು ಕೂಡಿಸಿ ಅಂದರೆ
ನಮ್ಮ ಮಾತಿನಲ್ಲಿ ಕುರುಡ ಎಂದಾಗುತ್ತದೆ.
ಶಾಲೆಯ ಹುಡುಗರು ಬಿಟ್ಟಾರೆಯೇ?
ಆ ಸಿಟ್ಟಿಗೇ ಕಣ್ಣಿನ ಕೆಲಸ ಹಿಡಿದೆ ಎಂದು ನಗುತ್ತಿದ್ದಳು.
ಎಲ್ಲರಿಗೂ ಮುಖಗವಸು; ನಗುವೆನ್ನುವುದು
ನಮಗೆ ಹುಬ್ಬಿನಿಂದಲೇ ಗೊತ್ತು.

ಹಿಂದಿನ ಪರದೆಗಳಲ್ಲಿ ಕಪ್ಪೆಂದರೆ ಮುಚ್ಚಿದ ಬಾಗಿಲು:
ಒಳಗೆ ದೀಪ ಉರಿಯುತ್ತಲೇ ಇತ್ತು,
ಸಂದಿಯಲ್ಲಿ ಸೋರುತ್ತಲೂ ಇತ್ತು.
ಈಗಿನವು ಹಾಗಲ್ಲ. ಒಂದೊಂದು ಚುಕ್ಕಿಯೂ ತಾನೇ ಹಣತೆ,
ಆರು ಅಂದರೆ ಆರುತ್ತದೆ.
ಎಂಬತ್ತಮೂರು ಲಕ್ಷ ಹಣತೆ ಒಟ್ಟಿಗೆ ಆರಿದ ಮೇಲೆ
ಏನಾದರೂ ಉಳಿಯಿತೇ ಎಂದು ನೋಡುವುದಕ್ಕೆ
ಅವಳಿಗೆ ಸಂಬಳ.

ಒಳಹೊಕ್ಕವರು ಅರ್ಧ ಗಂಟೆ ಸುಮ್ಮನೆ ಕೂರಬೇಕು,
ಕಣ್ಣು ಹದಕ್ಕೆ ಬರಲಿಕ್ಕೆ.
ಆಗ ಅವಳು ಮಾತಾಡುವಳು:
ಮೂಲಂಗಿಗೆ ಉಪ್ಪು ಹೆಚ್ಚಾದದ್ದು,
ಗಂಡನ ಟ್ಯಾಕ್ಸಿಯ ಕ್ಲಚ್ಚು,
ಮೇಲಿನ ಮನೆಯವರ ಪಿಯಾನೊ.
ಮಾತು ತಾನಾಗಿ ನಿಂತರೆ ಕಣ್ಣು ತಯಾರೆಂದು ಅರ್ಥ.

ಮಾರ್ಚ್‌ನಲ್ಲಿ ನನ್ನ ಯಂತ್ರ ಬಂತು.
ಮಂಜಿಗಿಂತ ತಣ್ಣಗಿನ ಸೆನ್ಸರು,
ದಶಮಾಂಶ ದಾಟಿ ಐದನೇ ಮನೆಯವರೆಗೂ ಓದುವ ಅಳತೆ.
ಮೂರು ವಾರ ಇಬ್ಬರೂ ಒಂದೇ ಪರದೆ ನೋಡಬೇಕು,
ತೀರ್ಪು ತಾಳೆಯಾಗಬೇಕು, ಅಷ್ಟೇ ಕರಾರು.
ಹತ್ತು ದಿನ ತಾಳೆಯಾಯಿತು.
ಹನ್ನೊಂದನೆಯ ದಿನ ಅವಳು:
“ಕೆಳಗೆ, ಎಡಕ್ಕೆ. ಬೂದಿ ಬಿದ್ದ ಹಾಗೆ.”
ಯಂತ್ರ: ಸೊನ್ನೆ.
ಮುಂದಿನದು? ಕೆಳಗೆ, ಎಡಕ್ಕೆ. ಸೊನ್ನೆ.
ಏಳು ಪರದೆ ಹೀಗೇ. ಲೆನ್ಸು ಒರೆಸಿದೆ, ತಂತಿ ಬದಲಿಸಿದೆ,
ಆವಿ ಹಚ್ಚುವ ವಿಭಾಗದ ಓಕ್ ಸಾಹೇಬರು ಬಂದು
ಇಬ್ಬರಿಗೂ ಸಮನಾಗಿ ಬೈದು ಹೋದರು.

ಎಂಟನೆಯದಕ್ಕೆ ನಾನು, ಹೇಳದೆ,
ಪರದೆಯನ್ನೇ ತೆಗೆದಿಟ್ಟೆ.
ಚೌಕಟ್ಟಿನಲ್ಲಿ ಕರಿ ಮಖಮಲ್ಲು ಮಾತ್ರ.
“ಕೆಳಗೆ, ಎಡ—” ಎಂದವಳು ನಿಂತಳು.
ಬಹಳ ಹೊತ್ತಿನ ಮೇಲೆ:
“ಸಣ್ಣ ಗುಂಯ್ ಅನ್ನುವ ಸದ್ದಿಲ್ಲ.
ಪರದೆ ತೆಗೆದಿದ್ದೀಯಲ್ಲವೇ?”
ಆ ಕೋಣೆಯಲ್ಲಿ ಮುಖ ಕಾಣುವುದಿಲ್ಲ.
ನನ್ನ ಪುಣ್ಯ.

ಇಲ್ಸಾನಿನ ಡಾಕ್ಟರು ಚಿತ್ರ ತೆಗೆದು ತೋರಿಸಿದರಂತೆ,
ಕಣ್ಣಿನ ಹಿಂಬದಿಯ ಪರದೆಯಲ್ಲಿ ಸಾಸಿವೆಯಷ್ಟು ಗಾಯ.
ಊಟದ ಮನೆಯಲ್ಲಿ, ಮೊಳಕೆಕಾಳಿನ ಸಾರು ಊದುತ್ತಾ
“ಹೆಸರು ವಿಳಾಸ ಹುಡುಕಿಕೊಂಡು ಬಂತು ನೋಡು” ಅಂದಳು.
ಈಗ ಅವಳು ಪ್ಯಾಕಿಂಗ್‌ನಲ್ಲಿದ್ದಾಳೆ,
ಪೆಟ್ಟಿಗೆಯ ಮೂಲೆಗಳಿಗೆ ಸ್ಪಂಜು ಕೂರಿಸುತ್ತಾಳೆ,
ಬೆರಳಿನಿಂದ.

ಬೆಳಿಗ್ಗೆ ನನ್ನ ಮೊದಲ ಕೆಲಸ
ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಕತ್ತಲಿನ ಚಿತ್ರ ತೆಗೆಯುವುದು.
ಅದರಲ್ಲೂ ಬೂದಿ ಇರುತ್ತದೆ.
ಯಂತ್ರದ ಸ್ವಂತ ಬೂದಿ: ಅದರ ಕಾವು, ಅದರ ವಯಸ್ಸು.
ಆ ಚಿತ್ರವನ್ನು ಜೋಪಾನ ಮಾಡಿ
ದಿನವಿಡೀ ತೆಗೆದ ಪ್ರತಿ ಚಿತ್ರದಿಂದ ಕಳೆಯುತ್ತೇವೆ.
ಕಳೆದ ಮೇಲೆ ಸೊನ್ನೆ.
ಕೈಪಿಡಿಯಲ್ಲಿ ಇದಕ್ಕೆ ದೋಷ ಎಂಬ ಹೆಸರಿಲ್ಲ.
ಮೂವತ್ತೊಂದನೇ ಪುಟ, ದಿನದ ಲೆಕ್ಕ.

ರಾತ್ರಿ ಪಾಳಿಯ ಬಸ್ಸು ನದಿಯ ಪಕ್ಕ ಹೋಗುತ್ತದೆ.
ಮುಳ್ಳುತಂತಿ, ಕಾವಲು ಗೂಡು, ನೀರು;
ಒಂದು ತಿರುವಿನಲ್ಲಿ ಆಚೆಯ ದಡ ಉತ್ತರದವರದು,
ಅಲ್ಲಿ ಗುಡ್ಡವೂ ಆಕಾಶವೂ ಒಂದೇ ಕಪ್ಪು.
ಕಿಟಕಿಯ ಬಳಿ ಇನ್ ಸುಕ್ ಒಂದು ಕಣ್ಣು ಮುಚ್ಚಿದಳು,
ಆಮೇಲೆ ಇನ್ನೊಂದು.
“ಅಗೋ, ಯಾರೋ ದೀಪ ಹಚ್ಚಿದರು.”
ಎಲ್ಲಿ? ನಾನು ಗಾಜಿಗೆ ಹಣೆ ಒತ್ತಿದೆ.
“ಕೆಳಗೆ. ಎಡಕ್ಕೆ.”

ತಿರುಗಿ ಅವಳ ಹುಬ್ಬು ನೋಡಲು ಹೋದೆ.
ಬಸ್ಸಿನೊಳಗೆ ಕತ್ತಲು.