ಬಟ್ಟಿನ ಹೊಟ್ಟೆಯ ಸೀಸ

ಅರಸೀಕೆರೆ ಕೊಬ್ಬರಿ ಮಂಡಿಯ ಹಿಂದೆ
ಮೂರು ಮೊಳದ ಅಂಗಡಿ ಅಪ್ಪನದು,
ಇನ್ನಾಸಪ್ಪ, ತಕ್ಕಡಿ ರಿಪೇರಿ.
ಮಂಡಿ ಕೂಡುವ ದಿನ ಬೆಳಗಿನಿಂದಲೇ
ಗೋಣಿಯಲ್ಲಿ ಬಟ್ಟುಗಳು ಬರುತ್ತಿದ್ದವು.
ಬೋರಲು ಮಲಗಿಸಿದರೆ ಒಂದೊಂದರ ಹೊಟ್ಟೆಯಲ್ಲೂ ತೂತು,
ತೂತಿನ ತುಂಬ ಸೀಸ,
ಸೀಸದ ಮೇಲೆ ಆಯಾ ವರ್ಷದ ಸರ್ಕಾರಿ ಮುದ್ರೆ.

ಸೀಸ ಕೆರೆದವರನ್ನು ಅಪ್ಪ ಹೆಬ್ಬೆರಳಲ್ಲೇ ಹಿಡಿಯುತ್ತಿದ್ದ.
"ಏನ್ ಸಾವ್ಕಾರ್ರೆ, ಕಬ್ಬಿಣಕ್ಕೂ ಬಡತನ ಬಂತಾ?"
ಅಷ್ಟೇ. ಬೈದದ್ದು ಕೇಳಿಲ್ಲ.

ರಾತ್ರಿ ಉಂಡ ಮೇಲೆ ಪುಸ್ತಕ ತೆಗೆಯುತ್ತಿದ್ದ,
ರಟ್ಟು ಹೋಗಿ ಹಳೇ ಕ್ಯಾಲೆಂಡರು ಹೊದ್ದದ್ದು.
ಎಸ್ಸೆಸ್ಸೆಲ್ಸಿ ಪಾಸಾದ ಜಂಭದಲ್ಲಿ ಕೇಳಿದ್ದೆ:
ಬರೆದವನು ಡೇರೆ ಹೊಲಿಯುವವನು, ಜೈಲಲ್ಲಿ ಕೂತು;
ನಮ್ಮ ಮಾತಿಗೆ ತಂದವರು ಇನ್ಯಾರೋ;
ಅಚ್ಚಿನ ಮೊಳೆ ಜೋಡಿಸಿದವನು, ಇಲ್ಲಿ ನೋಡು,
ಕರುಣೆಯ ಕೊಂಬೇ ಬಿಟ್ಟಿದ್ದಾನೆ,
ಗಾರೆಯವನ ಕರಣೆ ಆಗಿದೆ.
ಇದರಲ್ಲಿ ದೇವರದ್ದು ಯಾವುದಪ್ಪ?

ಅಪ್ಪ ಐದು ಕೇಜಿ ಬಟ್ಟನ್ನು ನನ್ನ ಮಡಿಲಿಗಿಟ್ಟ.
"ಇದನ್ನ ಎರಕ ಹೊಯ್ದೋನೂ ಬೆವರಿದಾನೆ ಕಣವ್ವ,
ಬೀಡಿ ಸೇದಿದಾನೆ, ಕೂಲಿಗೆ ಜಗಳ ಆಡಿದಾನೆ.
ಎರಕ ಅವನದು. ತೂಕ ಅವನದಲ್ಲ."
ತೊಡೆ ಜೋಮು ಹಿಡಿಯುವವರೆಗೆ ನಾನು ಕೂತಿದ್ದೆ,
ಅಪ್ಪ ಓದುತ್ತಲೇ ಇದ್ದ.

ಈಗ ಅಂಗಡಿಯಿಲ್ಲ. ಮಂಡಿಯ ತುಂಬ ಕೆಂಪಂಕಿಯ ಯಂತ್ರ.
ತಿಂಗಳಿಗೊಮ್ಮೆ ಚರ್ಚಿನಲ್ಲಿ
ಎರಡನೇ ವಾಚನದ ಸರದಿ ನನ್ನದು.
ಆ ಭಾನುವಾರ ಓದುತ್ತ ಓದುತ್ತ ಆ ಸಾಲು ಬಂತು,
ಹೊತ್ತು ಮುಳುಗಿದ ಮೇಲೂ
ಸಿಟ್ಟು ಕಟ್ಟಿಕೊಂಡು ಕೂರಬೇಡಿ ಎನ್ನುವುದು.
ಮನೆಯಲ್ಲಿ ಎರಡು ಸಲ ಓದಿ ನೋಡಿಕೊಂಡಿದ್ದೆ;
ಆಗ ಅದು ಪಕ್ಕದ ಮನೆಯವಳಿಗೆ ಬರೆದ ಹಾಗಿತ್ತು.

ಮೈಕಿನಿಂದ ಹೋದ ದನಿ
ಹಿಂದಿನ ಗೋಡೆ ಮುಟ್ಟಿ ವಾಪಸು ಬಂತು,
ಬಂದದ್ದು ನನ್ನದಾಗಿರಲಿಲ್ಲ.
ನನಗೂ ಬಾಣಾವರದ ಅಕ್ಕ ಲೂರ್ದಮ್ಮನಿಗೂ ನಡುವೆ
ಹನ್ನೊಂದು ವರ್ಷದ ಹೊತ್ತು ಮುಳುಗಿತ್ತು.

ಅವ್ವನ ಎರಡೆಳೆ ಸರ ಭಾಗವಾದ ದಿನ
ಚಿನ್ನದ ತಕ್ಕಡಿ ಹಿಡಿದವಳು ನಾನು.
"ಬೆರಳು ತೆಗಿ" ಅಂದಿದ್ದಳು.
ಅಷ್ಟಕ್ಕೇ ಉರಿದುಬಿದ್ದು
ಇನ್ನಾಸಪ್ಪನ ಮಗಳಿಗೇ ಈ ಮಾತೇ ಎಂದು
ಕೇರಿಗೆಲ್ಲ ಕೇಳುವಂತೆ ಅತ್ತಿದ್ದೆ.

ವಾಚನ ಮುಗಿಯಿತು. ಕೊನೆಗೆ ಹೇಳಬೇಕಾದದ್ದು
ಇದು ಪ್ರಭುವಿನ ವಾಕ್ಯ. ಮೂರೇ ಪದ.
ಎಷ್ಟು ಭಾನುವಾರ ಹೇಳಿಲ್ಲ,
ಕಂಡಕ್ಟರು ರೈಟ್ ಅಂದ ಹಾಗೆ.
ಅವತ್ತು ಬಾಯಿ ಬರಲಿಲ್ಲ.
ಹೇಳದಿದ್ದರೆ ಅದು ಡೇರೆಯವನ ಕಾಗದ,
ಮಡಚಿ ಇಟ್ಟು ಕೆಳಗಿಳಿಯಬಹುದು.
ಮುಂದಿನ ಬೆಂಚಿನ ಮಕ್ಕಳು ಮುಖ ನೋಡಿದವು.
ಫ್ಯಾನು ಕಿರುಗುಟ್ಟಿತು.
ತೊಡೆಯ ಮೇಲೆ ಮತ್ತೆ ಆ ಐದು ಕೇಜಿ.

ಹೇಳಿದೆ.

ಮೂರು ಗಂಟೆಯ ಪ್ಯಾಸೆಂಜರು ನಲವತ್ತು ನಿಮಿಷ ತಡ.
ಬಾಣಾವರದಲ್ಲಿ ಇಳಿದಾಗ
ಹೊತ್ತು ಇನ್ನೂ ನೀರಿನ ಟ್ಯಾಂಕಿನ ಮೇಲಿತ್ತು.
ಅಕ್ಕ ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದಳು.
ಮೊರ ನಿಲ್ಲಿಸಲಿಲ್ಲ, ಕೂರು ಅನ್ನಲಿಲ್ಲ.
ನಿಂತೇ ಅಂದೆ:
"ಬೆರಳಿತ್ತು ಕಣಕ್ಕ."

ಕಿರುಬೆರಳು. ತಟ್ಟೆಯ ಅಂಚಿಗೆ.
ಒಂದು ಗುಲಗಂಜಿಯಷ್ಟು.

ಮೊರ ಎರಡು ಸಲ ಹಾರಿತು.
ಹೊಟ್ಟೆಲ್ಲ ನನ್ನ ಸೀರೆಗೆ.
"ಗೊತ್ತಿತ್ತು" ಅಂದಳು. ಆಮೇಲೆ ಮಾತಿಲ್ಲ.

ಗಾಳಿಗೆ ಬಾಗಿಲು ಬಡಿಯದಂತೆ ಅವಳು ಅಡ್ಡ ಇಟ್ಟಿದ್ದು
ಅಪ್ಪನ ಅದೇ ಬಟ್ಟು,
ಮುದ್ರೆ ನೆಲದ ಕಡೆಗೆ.
ಅದನ್ನು ದಾಟಿ ಒಳಗೆ ಹೋದಳು.
ಬಾಗಿಲು ತೆರೆದೇ ಇತ್ತು.