ಬಿಲ್ಲು, ಸದ್ದಿಲ್ಲದ್ದು

ಮೂರು ನಿಮಿಷ ನಲವತ್ತು ಸೆಕೆಂಡು.
ಇಷ್ಟೇ ಇರೋದು, ಅಂದಳು ಆಕೆ,
ಮಿಲ್ಲಿಗೆ ಯಂತ್ರ ಜೋಡಿಸಲು ಬಂದಿದ್ದ
ಫಿಟ್ಟರ್ ದೊರೆಯ ಮೊಮ್ಮಗಳು.
ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯೊಳಗಿತ್ತಂತೆ ಸುರುಳಿ,
ಮುಚ್ಚಳ ತೆಗೆದರೆ ಹುಳಿ ನಾತ.
ಡಬ್ಬಿಯ ಮೇಲೆ ದೊರೆಯ ಕೈಬರಹ:
ದಾವಣಗೆರೆ, ಮೂವತ್ತೇಳು. ಸ್ಟೇಷನ್ನು. ರಸ್ಟಿ.
ಹತ್ತಿ ಹಿಂಜುವವ.
ರಸ್ಟಿ ಅಂದರೆ ನಾಯಿ.

ನಮ್ಮ ಗಾದಿ ಅಂಗಡಿಯಲ್ಲೇ ನೋಡಿದೆವು,
ಫೋಮಿನ ಅಟ್ಟಿಗೆ ಲ್ಯಾಪ್‌ಟಾಪ್ ಒರಗಿಸಿ, ಶಟರು ಅರ್ಧ ಎಳೆದು.
ಮಾತು ದಾಟಿಸಲು ಕಾಲೇಜಿನ ಮೇಷ್ಟ್ರೊಬ್ಬರು.
ದೊಡ್ಡತ್ತೆ ಹೊನ್ನೂರಮ್ಮನನ್ನು ಆಟೋದಲ್ಲಿ ಕರೆಸಿದ್ದೆ.
ಕನ್ನಡಕ ಮರೆತು ಬಂದಿದ್ದಳು,
ನನ್ನದನ್ನೇ ಕೊಟ್ಟೆ.
ಹೀಗಾಗಿ ನಾನು ಕಂಡದ್ದರಲ್ಲಿ
ಅರ್ಧ ಅವಳು ಹೇಳಿದ್ದು.

ಮೊದಲು ಕೊಡೆ ಹಿಡಿದ ಹೆಂಗಸು, ಬಿಸಿಲಿಗೆ ಮುಖ ಚಿವುಟಿ.
ಆಮೇಲೆ ರೈಲು,
ಸದ್ದಿಲ್ಲದೆ ಬಂದು ಸದ್ದಿಲ್ಲದೆ ನಿಂತದ್ದು.
ಮಂಡಕ್ಕಿ ಭಟ್ಟಿಯ ಹೊಗೆ.
ಆಮೇಲೆ ನಾಯಿ. ಎಷ್ಟು ಹೊತ್ತು ನಾಯಿ!
"ಹಿಂಜಬ್ಯಾಡ, ಮುಂದಕ್ಕ ಓಡ್ಸು" ಅಂದಳು ಅತ್ತೆ.
ಮೇಷ್ಟ್ರು ಇದನ್ನು ದಾಟಿಸಲಿಲ್ಲ.

ಆಮೇಲೆ ಅವನು.
ಹಗೇದಿಬ್ಬದ ಓಣಿ, ಜಗಲಿ,
ತೊಲೆಗೆ ತೂಗುಬಿಟ್ಟ ಬಿಲ್ಲು, ಬಲಗೈಲಿ ಕೊಡತಿ.
ಕೈ ಹುಚ್ಚು ಹಿಡಿದಂತೆ ಹಾರುತ್ತಿತ್ತು,
ತಲೆ ಕೋಳಿಯ ಹಾಗೆ ಕುಕ್ಕುತ್ತಿತ್ತು,
ಅರಳೆ ಅನ್ನುವುದು ಹೊಡೆತ ತಿಂದ ಜೇನುಗೂಡು.
ಅಂಗಡಿ ಹುಡುಗರು ನಕ್ಕರು. ನಾನೂ ನಕ್ಕೆ.
ಎಷ್ಟು ಚುರುಕು ನಿಮ್ಮ ಹಿರಿಯರು, ಅಂದಳು ಆಕೆ.

"ಇವ ನಮ್ಮಪ್ಪ ಅಲ್ಲ.
ನಮ್ಮಪ್ಪ ದಾವಲಸಾಬ ಸೋಮಾರಿ. ಹತ್ತೇಟಿಗೊಂದು ಬೀಡಿ.
ಹಿಂಗ್ ಬಡದಿದ್ರ
ಮಿಲ್ಲು ಯಾಕ್ ಬೇಕಿತ್ತು ಊರಿಗೆ?"

ಆದರೂ ಕೊಡತಿ ನಮ್ಮದೇ, ಹಿಡಿ ಸೀಳಿದ್ದಕ್ಕೆ
ತಂತಿ ಸುತ್ತಿದ್ದು ಕಾಣುತ್ತಲ್ಲ, ಅಂದವಳು
ಬಾಯಲ್ಲೇ ಬಿಲ್ಲು ಬಾರಿಸಿದಳು,
ಅಂಗೈಯಲ್ಲಿ ಗಾದಿ ತಟ್ಟುತ್ತ:
ಟಂಯ್. ಟಂಯ್. ಟುಪಕ್.
ಟಂಯ್. ಟಂಯ್. ಟುಪಕ್.
ಟುಪಕ್ ಅಂದರೆ
ಅರಳೆ ನರ ಬಿಟ್ಟು ಎದ್ದಿತು ಅಂತ.

ನನ್ನ ಮಗ ಮೌಲಾಲಿಗೆ ಹೊಳೆಯಿತು.
ಆಗಿನ ಕ್ಯಾಮೆರಾ ಸೆಕೆಂಡಿಗೆ ಹದಿನಾರು ಚಿತ್ರ ಹಿಡೀತಿತ್ತಂತೆ,
ಇದು ಇಪ್ಪತ್ನಾಲ್ಕು ಓಡಿಸ್ತಿದೆಯಂತೆ.
ಕೀಲಿ ಒತ್ತಿದ.
ಇನ್ನೂ ನಿಧಾನ, ಅಂದಳು ಅತ್ತೆ. ಇನ್ನೂ.
ಹಾಂ, ಹಿಂದ ಬಿತ್ತು. ತುಸು ಬಿಡು.
ಅಂಗೈ ನಿಲ್ಲಿಸಲೇ ಇಲ್ಲ
ಅವನ ಕೊಡತಿ ಬಂದು ಅದಕ್ಕೆ ಸೇರುವವರೆಗೆ.

ಸೇರಿತು.
ಅವನಿಗೆ ಉಸಿರು ಬಂತು.
ಭುಜ ಇಳಿಯಿತು, ಒಮ್ಮೆ ಮೂಗು ಒರೆಸಿಕೊಂಡ.
ಅರಳೆ ಗುದ್ದಾಡುವುದು ಬಿಟ್ಟು
ಸರಿಯಾಗಿ ಟುಪಕ್ ಅಂದಲ್ಲಿ ಏಳುತ್ತ,
ಮೀಸೆಗೆ ಹತ್ತುತ್ತ.

ಕೊನೆಯಲ್ಲಿ ಆ ಬಿಳಿ ರಾಶಿಯ ಮೇಲೆ
ಹ್ಯಾಟಿನ ನೆರಳೊಂದು ಏರಿ ಬಂತು,
ಅವನ ಮೊಣಕಾಲಿನ ತನಕ.
ತಲೆಯೆತ್ತಿದ. ಕೈಯೆತ್ತಿದ. ತುಟಿ ಆಡಿತು.
ಸಲಾಂ ಹೇಳ್ತಿದ್ದಾನೆ ಅಂತಲೇ
ಆಕೆಯ ಮನೆಯಲ್ಲಿ ಇಷ್ಟು ವರ್ಷ ಅಂದುಕೊಂಡದ್ದು.

ನಮ್ಮತ್ತೆ ಅದೇ ಮಿಲ್ಲಿನಲ್ಲಿ ದುಡಿದವಳು,
ಮಗ್ಗಗಳ ಗದ್ದಲದಲ್ಲಿ ಇಪ್ಪತ್ತಾರು ವರ್ಷ
ತುಟಿ ನೋಡಿಯೇ ಮಾತು ಕೇಳಿದವಳು.
"ನೆಳ್ಳು ಬೀಳ್ತೈತಿ, ಅತ್ಲಾಗ್ ಸರೀರಿ ಅಂತಾನ."

ಮೇಷ್ಟ್ರು ನನ್ನ ಮುಖ ನೋಡಿದರು.
ದಾಟಿಸಿ, ಅಂದೆ.
ದಾಟಿಸಿದರು.
ಅರ್ಧ ಶಟರಿನ ಬೆಳಕಿಗೆ ಬೆನ್ನು ಕೊಟ್ಟು ಕೂತಿದ್ದ ಆಕೆ
ಕುರ್ಚಿಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆದುಕೊಂಡಳು.

ಪರದೆ ಖಾಲಿಯಾಗಿತ್ತು.
ನನ್ನ ಕನ್ನಡಕ ಇನ್ನೂ ಅತ್ತೆಯ ಮೂಗಿನ ಮೇಲೆ.
"ಇನ್ನೊಮ್ಮೆ ಹಾಕು" ಅಂದಳು.
"ನಾಯಿ ಬ್ಯಾಡ."