ಕೋಡಿಮಠಕ್ಕೆ ಒಂದು ಭಾನುವಾರ

ಶಂಕರಘಟ್ಟದ ಗೇಟಿನೆದುರು ನಂದೊಂದು ಜೆರಾಕ್ಸ್ ಅಂಗಡಿ.
ಹನ್ನೊಂದು ವರ್ಷದಿಂದ ಪಂಡಿತರಿಗೆ ರಟ್ಟು ಕಟ್ಟುತ್ತಿದ್ದೇನೆ:
ಕೆಂಪು ರೆಕ್ಸಿನ್ನು, ಬಂಗಾರದಕ್ಷರ, ಬೆನ್ನಿಗೆ ಇಸವಿ.
ಒಳಗೇನಿದೆ ಕೇಳಬೇಡಿ.
ಪುಟ ತಲೆಕೆಳಗಾದರೆ ಮಾತ್ರ ನನಗೆ ಗೊತ್ತಾಗುತ್ತೆ.

ಓಮ್ನಿ ಹಾಲೇಶಂದು, ಪೆಟ್ರೋಲು ನಾಲ್ವರದು.
ಅವನು ಮೆಸ್ ನಡೆಸೋನು; ಹಿಂದಿನ ಸೀಟಲ್ಲಿ
ನಿನ್ನೆಯ ಸಾರು ಇನ್ನೂ ಕೂತಿತ್ತು.
ಸೋಮ್ಲಾ ನಾಯ್ಕ ಅದೇ ಗೇಟಿನ ವಾಚ್‌ಮನ್, ಗುತ್ತಿಗೆಯವನು,
ರಜೆಯ ದಿನವೂ ಕೊರಳಲ್ಲಿ ಸೀಟಿ.
ಶಾಹಿನಾ ನಮ್ಮ ಟೈಪಿಸ್ಟು. ಎಂ.ಎ. ಮೊದಲ ವರ್ಷಕ್ಕೇ ನಿಂತಿತು,
ಯಾಕೆಂದು ನಾವು ಕೇಳಿಲ್ಲ, ಅವಳು ಹೇಳಿಲ್ಲ.
ಹೋಗೋಣ ಅಂದವಳೂ ಅವಳೇ:
"ಒಂಬೈನೂರು ವರ್ಷದ ಹಿಂದೆ ಅಲ್ಲೊಂದು ಯೂನಿವರ್ಸಿಟಿ ಇತ್ತಂತೆ.
ನಮ್ಮದನ್ನ ದಿನಾ ಹೊರಗಿಂದ ನೋಡ್ತೀವಿ,
ಅದನ್ನ ಒಳಗಿಂದ ನೋಡೋಣ."

ಶಿಕಾರಿಪುರದಲ್ಲಿ ಇಡ್ಲಿ. ಚಟ್ನಿಗೆ ಹಾಲೇಶ
ಹತ್ತಕ್ಕೆ ನಾಲ್ಕು ಅಂಕ ಕೊಟ್ಟ.
ಶಿರಾಳಕೊಪ್ಪ ದಾಟಿ, ಅರ್ಧ ರಸ್ತೆಯಲ್ಲಿ ಮೆಕ್ಕೆಜೋಳ ಒಣಗುತ್ತ,
ಉಳಿದರ್ಧದಲ್ಲಿ ನಾವು, ಬಳ್ಳಿಗಾವಿ.

"ಗೇಟೆಲ್ಲಿ?" ಸೋಮ್ಲಾ ಇಳಿದವನೇ ಕೇಳಿದ.
ಒಂದು ಗುಡಿ, ಕೆರೆ, ಹುಲ್ಲು,
ತಂತಿಬೇಲಿಯ ಮೇಲೆ ಯಾರದೋ ಹಳದಿ ಟವೆಲ್ಲು.
ಆಫೀಸಿಲ್ಲ, ಫೀಸು ಕಟ್ಟೋ ಕಿಟಕಿಯಿಲ್ಲ.
"ಹಂಗಾದ್ರೆ ವಾಚ್‌ಮನ್ನೂ ಇರಲಿಲ್ಲ" ಅಂದ.
ದನಿಯಲ್ಲಿದ್ದದ್ದು ಬೇಜಾರೋ ನೆಮ್ಮದಿಯೋ ತಿಳಿಯಲಿಲ್ಲ.

ಗುಡಿ ನೋಡಿಕೊಳ್ಳುವ ಗುತ್ಯಪ್ಪ ಎಲೆಯಡಿಕೆ ಉಗುಳಿ ಬಂದು ಹೇಳಿದ:
ಕೆರೆಯ ಕೋಡಿಗೆ ಮಠ ಇತ್ತು,
ವ್ಯಾಕರಣ ಹೇಳಿಕೊಡ್ತಿದ್ರು, ತರ್ಕ ಹೇಳಿಕೊಡ್ತಿದ್ರು,
ಕುಂಟರು, ಕುರುಡರು, ಕಿವುಡರು, ಕುಣಿಯೋರು, ಬಾರಿಸೋರು,
ಬಂದೋರಿಗೆಲ್ಲ ಅನ್ನ, ಕಾಯಿಲೆಯೋರಿಗೆ ಮದ್ದು.
ಹಾಲೇಶ ಮೆಲ್ಲಗೆ: "ದಿನಕ್ಕೆ ಎಷ್ಟೆಲೆ?"
"ಅದು ಗೊತ್ತಿಲ್ಲಪ್ಪ."
"ಸೌದೆ ಯಾರು ಒಡೀತಿದ್ರು?"
"ಅದೂ ಗೊತ್ತಿಲ್ಲ."
ಹಾಲೇಶ ಈರುಳ್ಳಿ ಹೆಚ್ಚಿ ಸೀಳಿದ
ತನ್ನ ಹೆಬ್ಬೆರಳನ್ನೇ ನೋಡುತ್ತ ನಿಂತ.

ನಾನು ಒಂದು ಶಾಸನದ ಮುಂದೆ ಕೂತೆ.
ಮೇಲೆ ಹಸು, ಕರು, ಸೂರ್ಯ, ಚಂದ್ರ.
ಕೆಳಗೆ ಬೆಲ್ಲ ಕಂಡ ಇರುವೆಯಂತೆ ಹಳಗನ್ನಡ.
ಶಾಹಿನಾ ಒಂದು 'ಗ' ಹಿಡಿದಳು, ಒಂದು 'ರ',
ಮುಂದೆ ದಾರಿ ಸಿಗಲಿಲ್ಲ.
ನನಗೆ ಓದು ಬರೋದಿಲ್ಲ, ತಪ್ಪು ಕಾಣುತ್ತೆ, ಕಸುಬೇ ಹಾಗೆ:
ಹನ್ನೆರಡನೇ ಸಾಲಿನ ಕೊನೆಯಲ್ಲಿ
ಬಿಟ್ಟುಹೋದ ಒಂದಕ್ಷರ, ಆಮೇಲೆ ನೆನಪಾಗಿ,
ಎರಡು ಸಾಲಿನ ಸಂದಿಯಲ್ಲಿ
ಬಸ್ಸಿನಲ್ಲಿ ಅಡ್ಡ ನಿಂತವನ ಹಾಗೆ.

ಅಲ್ಲಿ ಸಿಕ್ಕಿದ ನನ್ನವನು.
ಯಾರೋ ಹೇಳಿದ್ದನ್ನು ಉಳಿಯಲ್ಲಿ ನಕಲು ಮಾಡಿದವನು.
ಅವನಿಗೆ ತರ್ಕ ಯಾರಾದರೂ ಹೇಳಿಕೊಟ್ಟರೋ ಏನೋ.
ಸಂಜೆಯೊಳಗೆ ಬೇಕು ಅಂದಿರುತ್ತಾರೆ, ಎಲ್ಲರೂ ಅನ್ನೋದೇ ಅದು.
ಕಲ್ಲಿಗೆ ವೈಟ್ನರ್ ಇಲ್ಲ.
ತಲೆಯ ಮೇಲೆ ಕೈಯಿಟ್ಟು ಎಷ್ಟು ಹೊತ್ತು ಕೂತಿದ್ದನೋ,
ಯಾರು ಬೈದರೋ, ಯಾರಿಗೂ ಕಾಣಲೇ ಇಲ್ಲವೋ
ಇವತ್ತಿನ ತನಕ.

ಕೆರೆ ಏರಿ ಮೇಲೆ ಬುತ್ತಿ: ಚಪಾತಿ, ಹುಚ್ಚೆಳ್ಳು ಪುಡಿ, ಶಾಹಿನಾಳ ಮೊಟ್ಟೆ ಪಲ್ಯ.
ಗುತ್ಯಪ್ಪನನ್ನೂ ಕರೆದೆವು.
ಇವತ್ತು ಸೋಮವಾರ ಅಲ್ಲ ಅಂತ ಎರಡು ಸಲ ಖಾತ್ರಿ ಮಾಡಿಕೊಂಡು
ಮೊಟ್ಟೆಗೂ ಕೈ ಹಾಕಿದ.
ಶಾಹಿನಾ ನೀರಿನ ಕಡೆ ಮುಖ ಮಾಡಿ
"ಫೀಸು ಮೂರು ಸಾವಿರದ ಇನ್ನೂರು ಇತ್ತು" ಅಂದಳು.
ಅಷ್ಟೇ.
ಸೋಮ್ಲಾ ಅವಳ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದ.

ವಾಪಸು ಬರುವಾಗ ಅವನಿಗೆ ಜೋಂಪು,
ಹಾರನ್ನಿಗೆ ಬೆಚ್ಚಿ, ಕಣ್ಣು ಮುಚ್ಚಿಯೇ, "ಐಡಿ ಕಾರ್ಡು?"
ಶಿವಮೊಗ್ಗದವರೆಗೂ ನಕ್ಕೆವು.

ಸೋಮವಾರ ಒಬ್ಬ ಹುಡುಗ ಬಂದ.
ಇನ್ನೂರ ಅರವತ್ತು ಪುಟ, ಐದು ಪ್ರತಿ, ಸಂಜೆಯೊಳಗೆ.
ಅಂಟು ಬಳಿಯುವ ಮುಂಚೆ ಯಾಕೋ ಒಂದು ಪುಟ ಓದಿದೆ.
ಅರ್ಥ ಆಗಲಿಲ್ಲ.
ಇನ್ನೊಂದು ಓದಿದೆ.